ಡಬ್ ಎಂದ ರೆಕ್ಕೆ

ಟಣ್, ಟಣ್, ಟಣ್, ಡಬ್.

ಮಗಳು ನಾಣ್ಯವನ್ನು ಅದೇ ಜಾಗಕ್ಕೆ ಮತ್ತೆ ಬಡಿದಳು. ಡಬ್. ಗ್ಲೈಡರ್ ವಿಮಾನದ ಎಡ ರೆಕ್ಕೆಗೆ ಅಮ್ಮ ಹಾಕಿದ್ದ ತೇಪೆಯೊಳಗೆ, ಅಂಗೈಯಗಲದಷ್ಟು ಜಾಗದಲ್ಲಿ ಪದರ ಅಂಟಿಯೇ ಇರಲಿಲ್ಲ.

ಶೆಡ್ಡಿನ ಬಾಗಿಲಾಚೆ ಅಮ್ಮನ ಹೆಣ ಹೊರಡಲು ಸಿದ್ಧವಾಗಿತ್ತು. ಅವಳ ಉಗುರಿನ ಸಂದಿಯಲ್ಲಿದ್ದ, ರೆಕ್ಕೆ ಉಜ್ಜಿದ ಬಿಳಿ ಧೂಳನ್ನು ಚಿಕ್ಕಮ್ಮ ಬೆಳಗ್ಗೆಯೇ ತಿಕ್ಕಿ ತೆಗೆದಿದ್ದಳು. ನಲವತ್ತು ವರ್ಷ ಮುರಿದ ರೆಕ್ಕೆಗಳನ್ನು ಸರಿಮಾಡಿ ಹಾರಿಸಿದವಳು ತಾನು ಒಮ್ಮೆಯೂ ಹಾರಿರಲಿಲ್ಲ. "ನೆಲದ ಮೇಲೂ ಒಬ್ರು ಇರ್ಬೇಕಲ್ಲ" ಎನ್ನುತ್ತಿದ್ದಳು.

ಗ್ಲೈಡರ್ ಕ್ಲಬ್ಬಿನ ಅಧ್ಯಕ್ಷರು ಒಳಗೆ ಬಂದರು. "ಆಯ್ತೇನಮ್ಮಾ? ಮಣ್ಣು ಮಾಡೋ ಹೊತ್ತಿಗೆ ನಾನು ಇದ್ರಲ್ಲೇ ಮೇಲೆ ಒಂದು ಸುತ್ತು ಬರ್ತೀನಿ. ನಿಮ್ಮಮ್ಮನಿಗೆ ಅದೇ ಗೌರವ."

"ಇದು ಹಾರೋಲ್ಲ ಸಾರ್. ಒಳಗೆ ಬಿಟ್ಕೊಂಡಿದೆ."

"ಅವರ ಕೆಲಸದಲ್ಲಾ? ಸಾಧ್ಯವೇ ಇಲ್ಲ!"

"ನೀವೇ ಕೇಳಿ." ಟಣ್, ಡಬ್.

ಅಧ್ಯಕ್ಷರು ಬೆವರು ಒರೆಸಿಕೊಂಡರು. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಅತ್ತಳು. "ಅಕ್ಕನ ಕೊನೇ ಕೆಲಸ ಕಣೇ. ಹೋದೋಳ ಹೆಸರಿಗೆ ಮಸಿ ಬಳೀತೀಯಾ? ಒಂದು ಸುತ್ತು ತಾನೇ!"

* * *

ಮೊದಲ ತೇಪೆ ಹಾಕಿದಾಗ ಮಗಳಿಗೆ ಹತ್ತೊಂಬತ್ತು. ಒಡೆದ ಜಾಗವನ್ನು ಇಳಿಜಾರಾಗಿ ಉಜ್ಜಿ, ಅಂಟಿನಲ್ಲಿ ನೆನೆಸಿದ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಹೊದಿಸಿ, ಗಟ್ಟಿಯಾಗಲು ಮೂರು ದಿನ ಕಾದು, ಕನ್ನಡಿಯಂತೆ ಹೊಳೆಸಿದ್ದಳು. ಅಮ್ಮ ನಾಣ್ಯ ಬಡಿದಳು. ಡಬ್. ಉಜ್ಜುವ ಯಂತ್ರವನ್ನು ಮಗಳ ಕೈಗಿತ್ತಳು.

"ಎಷ್ಟು ಚೆನ್ನಾಗಿ ಕಾಣ್ತಿದೆಯಲ್ಲಮ್ಮಾ!"

"ಕಾಣೋಕೆ ಚೆನ್ನಾಗೇ ಇದೆ. ಯಾರು ಅಂಟಿಸಿದ್ದು ಅಂತ ಗಾಳಿ ಕೇಳೋಲ್ಲ. ತೆಗಿ."

ಅವತ್ತು ಮಗಳು ಅಮ್ಮನಿಗೆ ಮನಸಾರೆ ಶಾಪ ಹಾಕಿದ್ದಳು.

* * *

ಕಳೆದ ತಿಂಗಳು ಈ ತೇಪೆ ಹಾಕುವಾಗ ಅಮ್ಮನ ಕೈ ನಡುಗುವುದನ್ನು ಮಗಳು ಕಂಡಿದ್ದಳು. ಕಂಡೂ ಬಾಯಿ ಬಿಟ್ಟಿರಲಿಲ್ಲ. ಕೆಂಪು ಪೆನ್ಸಿಲಿನಿಂದ ತೇಪೆಯ ಸುತ್ತ ಗೆರೆ ಎಳೆದು, ಯಂತ್ರ ಎತ್ತಿಕೊಂಡಳು.

ಅಧ್ಯಕ್ಷರು ಅಡ್ಡ ನಿಂತರು. "ಇವತ್ತೊಂದಿನ ಬಿಡಮ್ಮಾ. ಆಮೇಲೆ ಮಾಡಿದ್ರಾಯ್ತು."

"ಆಮೇಲೆ ಅಂದ್ರೆ ನೀವು ಹಾರಿಸೇ ಬಿಡ್ತೀರ. ಅಮ್ಮ ಇದ್ದಿದ್ರೆ ನಿಮ್ಮನ್ನೂ ಸೇರಿಸಿ ಉಜ್ಜಿರೋಳು. ಸರೀರಿ ಸಾರ್."

ಅವರು ಸರಿದರು. ಯಂತ್ರ ಕಿರುಚಿತು. ಅಮ್ಮನ ಕೊನೆಯ ಕೆಲಸ ಪದರ ಪದರವಾಗಿ ಪುಡಿಯಾಗಿ ಎದ್ದಿತು. ಮಗಳು ಮುಖಕವಚದೊಳಗೇ ಬಿಕ್ಕಿದಳು. ಕೈ ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಉಳಿದ ಅಂಚಿಗೆ ನಾಣ್ಯ ಬಡಿದಳು. ಟಣ್.

"ಈಗ ಹೊರಡೋಣ" ಎಂದಳು.

ಹೆಣ ಎತ್ತಲು ಮಗಳು ತಲೆಯ ಕಡೆ ಬಾಗಿದಾಗ, ಅವಳ ಕೂದಲಿನಿಂದ ಬಿಳಿ ಧೂಳು ಅಮ್ಮನ ತೊಳೆದ ಕೈಗಳ ಮೇಲೆ ಉದುರಿತು. ಒರೆಸಲು ಚಾಚಿದ ಕೈಯನ್ನು ಚಿಕ್ಕಮ್ಮ ಹಾಗೇ ಹಿಂದಕ್ಕೆ ತೆಗೆದುಕೊಂಡಳು.