ಎರಡು ಬಾಯಿಯ ಚೀಲ

ಗೋಣಿಯ ವಾಸನೆ, ಅದಕ್ಕೆ ಬೆರೆತ ತೌಡಿನ ವಾಸನೆ, ಇದನ್ನು ಯಾಕಾದರೂ ತಂದರೋ ಎಂದು ಸುರೇಖಾ ನಾಯಿಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದಾಳೆ, ಶಾಮೀದಸಾಬರು ಮಾತ್ರ ಸಾಲೆಯ ಮೈದಾನದಲ್ಲಿ ಜಮಖಾನೆ ಹಾಸುವ ಹುರುಪಿನಿಂದ ಅದನ್ನು ಬಿಡಿಸುತ್ತಿದ್ದಾರೆ, ಬಿದಿರಿನ ಬಳೆಗಳನ್ನಿಟ್ಟು ಹೊಲಿದ ಉದ್ದನೆಯ ಸುರಂಗ, ನೀವು ಫೋನಿನ್ಯಾಗ ತೋರಿಸಿದ್ರಲ್ರಿ ಟೀಚರ, ನಾಯಿ ಈ ಕಡಿ ಹೊಕ್ಕು ಆ ಕಡಿ ಬರೋದು, ಅದನ್ನ ಹೊಲದೀನ್ರಿ ಎನ್ನುತ್ತಿದ್ದಾರೆ — ಕಾರಟಗಿಯಲ್ಲಿ ಬೇರೇನು ಹೊಳೆದೀತು, ಬಾಗಿಲಿಗೆ ಗೋಣಿ, ಎಮ್ಮೆಯ ಬೆನ್ನಿಗೆ ಗೋಣಿ, ಕಾಲೊರೆಸಲು ಗೋಣಿ, ರೈಸ್‌ಮಿಲ್ಲಿನಲ್ಲಿ ಜನ್ಮವೆಲ್ಲ ಚೀಲ ಹೊಲಿದ ಕೈ, ಅವರಿಗೇನು ಗೊತ್ತು, ಕಾಲುವೆ ದಂಡೆಯಲ್ಲಿ ಬಾಯಿ ಕಟ್ಟಿ ಎಸೆದ ಚೀಲ ಮಿಸುಕಿದ್ದು, ತಾನು ಸುತಳಿ ಬಿಚ್ಚಿದರೆ ಒಳಗೆ ಈ ನಾಯಿ, ಚಂದ್ರಿ, ಕೂಗುವ ತ್ರಾಣವೂ ಇಲ್ಲದೆ.

ಚಂದ್ರಿ ಈಗ ಅವಳ ಮೊಣಕಾಲಿಗೆ ಅಂಟಿ ನಡುಗುತ್ತಿದೆ. ಮನೆ ಮಾಲಕ ಈಶಪ್ಪ ಅಂಗಳದಲ್ಲಿ ಖಾಲಿ ಚೀಲ ಝಾಡಿಸಿದಾಗಲೂ ಹೀಗೇ ನಡುಗಿ, ಆಮೇಲೆ ಅವನ ಕೈಗೆ ಬಾಯಿ ಹಾಕಿತ್ತು, ಸೂಜಿ ಚುಚ್ಚಿಸಿಕೊಂಡು ಬಂದ ಮನುಷ್ಯ ಬೈಯಲಿಲ್ಲ, ಇನ್ನೊಮ್ಮೆ ಹಿಂಗಾತಂದ್ರ ಈ ನಾಯಿ ಇಲ್ಲಿರಬಾರ್ದು ನೋಡ್ರಿ ಎಂದನಷ್ಟೆ, ಎಲ್ಲಿಗೆ ಬಿಡುವುದು, ಮತ್ತೆ ಕಾಲುವೆಗೇ? ಸುಗ್ಗಿ ಬಂತು, ಊರೆಲ್ಲ ಚೀಲ. ಆದರೂ ಎಂಥ ಜೀವ ಇದು, ನೆಲದ ಮೇಲಿನ ಕೋಲು ದಾಟಲೂ ಅಂಜುತ್ತಿತ್ತು, ಮಕ್ಕಳಿಗೆ ಓಟ ಜಿಗಿತ ಕಲಿಸುವ ನಾನು ಎತ್ತರ ಇಳಿಸಿ ಕಾದೆ, ಗದರಲಿಲ್ಲ, ಒಂದು ದಿನ ಕೋಲು ದಾಟಿತು, ಆಮೇಲೆ ಬೆಂಚು, ಆಮೇಲೆ ಟೈರಿನ ತೂತಿನಿಂದ ತೂರಿ ಬಂದು ಮಂದಿಯ ಕಡೆ ನೋಡಿತು, ನೋಡಿದಿರೇನು ಎನ್ನುವ ಹಾಗೆ, ಅಷ್ಟು ಹೆಮ್ಮೆ ಸುರೇಖಾಳಿಗೆ ತಾನು ಓಟದಲ್ಲಿ ಗೆದ್ದ ಪದಕಕ್ಕೂ ಆಗಿರಲಿಲ್ಲ — ಈಗ ಎಲ್ಲ ನೀರುಪಾಲು, ಮತ್ತೆ ಮಂಚದ ಕೆಳಗೆ ಸೇರುತ್ತದೆ. ಮಡಚಿಬಿಡ್ರಿ ಸಾಬರ, ಇದು ಬ್ಯಾಡ, ಎಂದಳು, ಯಾಕೆಂದೂ ಹೇಳಿದಳು, ಮುದುಕರ ಮುಖ ಸಣ್ಣದಾಯಿತು, ಕೈಯಲ್ಲಿನ ದಬ್ಬಣವನ್ನು ಜೇಬಿಗಿಟ್ಟರು, ಆಮೇಲೆ ಮೆಲ್ಲಗೆ ಅಂದರು, ಆ ಚೀಲಕ್ಕ ಒಂದ ಬಾಯಿ ಇತ್ತವ್ವಾ, ಇದಕ್ಕ ಎರಡು ಇಟ್ಟೀನಿ, ಆಕಿಗೆ ಅದೊಂದು ತೋರಿಸು.

ತೋರಿಸುವುದು ಹೇಗೆ, ಸುರೇಖಾ ಆಚೆ ತುದಿಗೆ ಹೋಗಿ ಮಣ್ಣಿನಲ್ಲಿ ಬೋರಲು ಮಲಗಿದಳು, ಗೋಣಿಯ ಕತ್ತಲು, ಅದರಾಚೆ ದುಂಡನೆಯ ಬೆಳಕು, ಬೆಳಕಿನಲ್ಲಿ ಎರಡು ಕಿವಿ, ಕರೆಯಬಾರದು, ಕರೆದರೆ ನನಗಾಗಿ ಬರುತ್ತದೆ, ಅದಕ್ಕಾಗಿ ಬರಲಿ, ಕಿವಿ ಮರೆಯಾದವು, ಹೋಯಿತು, ಓಡಿಹೋಯಿತು — ಇಲ್ಲ, ಸುರಂಗದ ಸುತ್ತ ಹಾಯ್ದು ಬಂದು ಅವಳ ಕಿವಿ ಮೂಸಿ, ಗೋಣಿ ಮೂಸಿ, ತಿರುಗಿ ಹೋಯಿತು, ಹೊಲಿಗೆ ಪೂರ್ತಿ ತಪಾಸಣೆ ಮಾಡುವ ಸಾಹುಕಾರನಂತೆ, ಬೆಳಕು ಮುಚ್ಚಿಕೊಂಡಿತು, ಬಳೆಗಳು ಅಲುಗಿದವು, ಉಗುರಿನ ಕರಕರ, ಉಸಿರು, ನಡುವೆ ಎಲ್ಲ ನಿಂತಿತು, ಬಾ ಎನ್ನಲು ಬಂದ ಬಾಯಿಯನ್ನು ಸುರೇಖಾ ಅಂಗೈಯಿಂದ ಒತ್ತಿಕೊಂಡಳು, ಒತ್ತಿಕೊಂಡಿರುವಾಗಲೇ ಹಸಿ ಮೂಗು ಆ ಕೈಗೆ ತಾಗಿತು, ಬಂದಿತು, ಪೂರ್ತಿ ಬಂದಿತು, ಮೈ ಝಾಡಿಸಿತು, ಯಾ ಅಲ್ಲಾ ಎಂದರು ಆಚೆಯಿಂದ ಶಾಮೀದಸಾಬರು, ಎತ್ತಿಕೊಳ್ಳಲು ಅವಳು ಕೈ ಚಾಚುವಷ್ಟರಲ್ಲಿ ಚಂದ್ರಿ ಹಿಂದಿರುಗಿತು, ಯಾರೂ ಕರೆಯಲಿಲ್ಲ, ಯಾರೂ ಕಳಿಸಲಿಲ್ಲ, ತಾನಾಗಿ ಚೀಲದೊಳಗೆ ತಲೆ ಹಾಕಿತು, ಬಾಲ ಹೊರಗೆ, ನೆಟ್ಟಗೆ, ಬಾಲ ಒಳಗೆ ಹೋಗುತ್ತಿದೆ, ನೆಟ್ಟಗೆ, ಬಾಲ —