ಗುರುವಾರದ ಅಂಟು

ಡೊಂಬಿವಲಿಯ ನಮ್ಮ ಕನ್ನಡ ಮಂದಿ ಇವತ್ತಿಗೂ ನನ್ನ ಬೆನ್ನ ಹಿಂದ ಏನಂತಾರ ನನಗ ಗೊತ್ತೈತಿ. ಗಂಡ ಏಳು ವರ್ಷ ಕುಂತು ಕಟ್ಟಿದ ವಿಮಾನದ ರೆಕ್ಕಿ ಕೊಯ್ದಾಕಿ, ಈ ನೀಲಗಂಗಾ. ಅನ್ಲಿ. ಅರಿಷಿಣ ಕುಂಕುಮಕ್ಕ ಹೋದ್ರ ಸೆರಗು ಬಾಯಿಗೆ ಇಟಗೊಂಡು ನಗ್ತಾರ. ನಗ್ಲಿ. ಯಾಕ ಕೊಯ್ದಿ ಅಂತ ಮಾತ್ರ ಒಬ್ಬಾಕಿನೂ ಕೇಳಂಗಿಲ್ಲ. ಕೇಳದಿದ್ರೂ ನಾನ ಹೇಳ್ತೀನಿ, ಕೂಡ್ರಿ.

ನಮ್ಮನಿಯವರ ಹೆಸರು ಮುರುಗೆಪ್ಪ. ಗದಗಿನ ಕಡೆಯವರು, ಇಲ್ಲಿ ಎಮ್‌ಐಡಿಸಿಯ ಒಂದು ಕಾರಖಾನಿಯೊಳಗ ನಕ್ಷೆ ಬರಿಯೋ ಕೆಲಸ. ಇವರ ಗೆಳೆಯ ವಾಸು ಕಾರ್ಕಳದ ಕಡೆಯವ, ಸ್ಟೇಷನ್ ಹತ್ರ ಹೋಟೆಲ್ಲು. ಇಡ್ಲಿ ಮಾರಕೋಂತ, ಕ್ಲಬ್ಬಿಗೆ ಹೋಗಿ ವಿಮಾನ ಹಾರಿಸೋದು ಕಲ್ತು ಲೈಸೆನ್ಸ್ ತಗೊಂಡಿದ್ದ ಪುಣ್ಯಾತ್ಮ. ಎಪ್ಪತ್ನಾಲ್ಕರಾಗ ಪರದೇಶದಿಂದ ಪೋಸ್ಟಿನ್ಯಾಗ ಒಂದು ಸೆಟ್ ನಕ್ಷೆ ತರಿಸಿದ. ಒಬ್ಬರು ಕೂಡೋ ಕಟಿಗಿ ವಿಮಾನ, ಕೈಲೆ ಕಟ್ಟೋದು. ತರಿಸೇನೋ ತರಿಸಿದ, ಓದಾಕ ಬರಂಗಿಲ್ಲ. ಸುರುಳಿ ಎತ್ತಿಗೊಂಡು ನಮ್ಮ ಚಾಳಿನ ಮನಿಗೆ ಬಂದ. ನಮ್ಮನಿಯವರು ನೆಲದ ಮ್ಯಾಲೆ ಹಾಸಿ ಬೋರಲ ಬಿದ್ದವರು ಊಟಕ್ಕೂ ಏಳಲಿಲ್ಲ. ಕಡೀಕ ಅಂದ್ರು, "ವಾಸು, ಒಂದು ಯಾಕ? ಎರಡು ಕಟ್ಟೂಣು. ನಿನಗೊಂದು, ನನಗೊಂದು."

ಬಾಜೂಕಿನ ಠಾಕುರ್ಲಿಯೊಳಗ ವಾಸೂನ ಹೋಟೆಲ್ಲಿನ ಸಾಮಾನಿಡೋ ತಗಡಿನ ಶೆಡ್ಡು ಒಂದಿತ್ತು. ಅಲ್ಲೇ ಶುರುವಾತು. ನಕ್ಷೆ ಒಂದು, ವಿಮಾನ ಎರಡು, ಹಿಂಗಾಗಿ ಏನು ಮಾಡಿದ್ರೂ ಜೋಡಿ. ಒಂದು ಕಟಿಗಿ ಕೊಯ್ದ್ರ ಅದರ ಬೆನ್ನಿಗೆ ಇನ್ನೊಂದು. ಅಂಟು ಕಲಸಿದ್ರ ಒಂದ ಡಬರಿಯೊಳಗ, ಹಚ್ಚೋದು ಎರಡಕ್ಕೂ. ನಾನೂ ಹಚ್ಚೀನಿ, ವಾಸೂನ ಹೆಂಡ್ತಿ ದಮಯಂತಿನೂ ಹಚ್ಯಾಳ. ರೆಕ್ಕಿ ಅರಿವಿ ಹೊಲದಾಕಿನೂ ಆಕಿನ. ನನಗೂ ಹುರುಪಿತ್ತು, ಸುಳ್ಳು ಯಾಕ ಹೇಳ್ಲಿ?

ಅಂಟಿನ ವಿಷಯ ಒಂದು ಹೇಳಬೇಕು. ನಕ್ಷೆಯೊಳಗ ದಪ್ಪ ಅಕ್ಷರದಾಗ ಬರದಿತ್ತಂತ. ಪ್ರತಿ ಸಲ ಅಂಟು ಕಲಸಿದಾಗ, ಅದ ಅಂಟಿಲೆ ಎರಡು ಸಣ್ಣ ತುಂಡು ಕೂಡಿಸಿ ಇಡಬೇಕು, ಮರುದಿನ ಅದನ್ನ ಮುರೀಬೇಕು. ಕಟಿಗಿ ಹರಿದು ಮುರಿದ್ರ ಅಂಟು ಗಟ್ಟಿ. ಅಂಟಿನ ಗೆರಿಗುಂಟ ನುಣ್ಣಗ ಬಿಟ್ಟುಬಂದ್ರ ಅವತ್ತಿನ ಕೆಲಸ ಅಷ್ಟೂ ತಿಪ್ಪಿಗೆ. ನಮ್ಮನಿಯವರು ಆ ತುಂಡು ಕಿಸೆದಾಗ ಹಾಕ್ಕೊಂಡು ಬರೋರು, ಬೆಳಿಗ್ಗೆ ಹೊಸ್ತಿಲ ಮ್ಯಾಲೆ ಇಟ್ಟು ಸುತ್ತಿಗಿಲೆ ಮುರಿಯೋರು.

ನಮ್ಮ ಕಡೆ ಕಾರಖಾನಿಗೆ ಕರೆಂಟ್ ಸಾಲಂಗಿಲ್ಲಂತ ರವಿವಾರದ ಬದಲಿ ಶುಕ್ರವಾರ ಸೂಟಿ. ಅದಕ್ಕ ದೊಡ್ಡ ಕೆಲಸೆಲ್ಲಾ ಗುರುವಾರ ಸಂಜಿಗೆ. ಎಪ್ಪತ್ತೊಂಬತ್ತರ ಶ್ರಾವಣದ ಒಂದು ಗುರುವಾರ ಇಬ್ಬರೂ ಕೂಡಿ ಎರಡೂ ವಿಮಾನದ ಸ್ಪಾರ್ ಅಂಟಿಸಿದ್ರು. ಸ್ಪಾರ್ ಅಂದ್ರ ರೆಕ್ಕಿಯೊಳಗ ಉದ್ದಕ್ಕ ಹೋಗೋ ತೊಲಿ. ವಿಮಾನದ ಭಾರ ಎಲ್ಲಾ ಅದರ ಮ್ಯಾಲೆ. ಅದು ಬಿಚ್ಚಿದ್ರ ಮುಗೀತು, ಮ್ಯಾಲಿದ್ದವ ಕೆಳಗ. ಅವತ್ತು ಧೋ ಅಂತ ಮಳಿ. ಅಂಟಿಗೆ ಕೂಡಿಸೋ ಪುಡಿ ಹಸಿ ಹಿಡದು ಗಂಟುಗಂಟಾಗಿತ್ತು, ನಾನ ಬೆರಳಿಲೆ ಒಡದು ಹಾಕಿದ್ದೆ. "ನಡೀತೈತಿ ಬಿಡು, ನಾಳೆ ತುಂಡು ಮುರಿದ್ರ ಗೊತ್ತಾಗ್ತೈತಿ" ಅಂದ್ರು ಇವರು.

ಅದೇ ತಿಂಗಳು ನಮ್ಮತ್ತಿ ರುದ್ರವ್ವ ಊರಿಂದ ಬಂದು ನಮ್ಮ ಜೋಡಿ ಇದ್ರು. ಶುಕ್ರವಾರ ಬೆಳಿಗ್ಗೆ ಮಗ ಸುತ್ತಿಗಿ ಹಿಡದು ಕುಂತದ್ದು ನೋಡಿ ಹೌಹಾರಿದ್ರು. "ಏ ಮುರುಗ್ಯಾ! ಶುಕ್ರಾರ, ಲಕ್ಷ್ಮಿ ವಾರ, ಹೊಸ್ತಿಲಿಗೆ ಈಗರ ಕುಂಕುಮ ಹಚ್ಚೀನಿ, ಅದರ ಮ್ಯಾಲೆ ಕಟಿಗಿ ಮುರೀತೀಯೇನೋ? ಮನಿ ಮುರೀಬೇಕಂತ ಮಾಡಿಯೇನು?" ಇವರು ತಣ್ಣಗ ತುಂಡು ಎತ್ತಿ ಅಡಗಿಮನಿ ಮಾಡದಾಗ ಇಟ್ರು. ಮುದುಕಿ ತಪ್ಪಲ್ಲ ಬಿಡ್ರಿ, ಅವರಿಗೇನು ಗೊತ್ತು? ಶನಿವಾರ ಮುರಿಯಾಕ ಇವರಿಗೆ ಏನಾಗಿತ್ತು ರೋಗ? ಶನಿವಾರ ಡ್ಯೂಟಿ, ರವಿವಾರ ಯಾರದೋ ಮದಿವಿ. ಅಷ್ಟರಾಗ ಅತ್ತಿಯವರು ಆ ತುಂಡು ಬಂಬಕ್ಕ ಹಾಕಿ ಸ್ನಾನದ ನೀರು ಕಾಸಿ ಮುಗಿಸಿದ್ರು. ನಾನು ಇವರನ್ನ ಕೇಳಿದ್ರ "ಇರ್ಲಿ ಬಿಡ, ಗಟ್ಟಿ ಇರ್ತೈತಿ" ಅಂದ್ರು. ವಾಸೂಗ ಹೇಳ್ತೀನಿ ಅಂದ್ರು. ಹೇಳ್ಯಾರ ಅಂತ ನಾನು ನಂಬಿದ್ದೆ.

ಎಂಬತ್ತೊಂದರಾಗ ವಾಸೂನ ವಿಮಾನ ಮೊದಲು ತಯಾರಾತು. ಅರಿವಿ ಏರಿಸಿ, ಬಣ್ಣ ಬಳದು, ಎಂಜಿನ್ ಕೂಡಿಸಿ. ನಮ್ಮದು ಇನ್ನೂ ಬರೀ ಎಲುಬು, ರೆಕ್ಕಿ ತೆರಕೊಂಡು ಸ್ಟ್ಯಾಂಡ್ ಮ್ಯಾಲೆ ಮಲಗಿತ್ತು. ಸರಕಾರದ ಇನ್ಸ್‌ಪೆಕ್ಟರ್ ಬಂದ್ರು, ಪಾಪ ಒಳ್ಳೆ ಮನಶ್ಯಾ, ಎಲ್ಲಾ ಬಡದು ಬಗ್ಗಿ ನೋಡಿದ್ರು. ಮುಚ್ಚಿದ ರೆಕ್ಕಿಯೊಳಗಿನ ಅಂಟು ಯಾರಿಗೆ ಕಾಣಬೇಕು? ಅದಕ್ಕ ತುಂಡೆಲ್ಲಾ ಮುರದು ನೋಡೀರೇನು ಅಂತ ಕೇಳಿದ್ರು, "ಸ್ಯಾಂಪಲ್ ಸಬ್ ತೋಡಕೇ ದೇಖಾ?"

ನಾನು ಚಾ ಬಗ್ಗಸ್ತಿದ್ದೆ. ನಮ್ಮನಿಯವರು ಕಣ್ಣು ಮಿಟುಕಿಸದ ಅಂದ್ರು, "ಸಬ್ ತೋಡಾ, ಸಾಬ್."

ಕಪ್ಪು ತುಂಬಿ ಬಸಿಯೊಳಗ ಚಲ್ಲಿತು.

ಮನಿಗೆ ಬಂದು ಬಾಗಿಲಾ ಹಾಕಿ ಕೇಳಿದೆ, "ಏನ್ರೀ, ಆ ಗುರುವಾರದ್ದು ಯಾವಾಗ ಮುರದ್ರಿ? ಬಂಬದಾಗ ಸುಟ್ಟದ್ದನ್ನ ಎದ್ದು ಬಂದು ಮುರದ್ರೇನು?"

"ಮೆಲ್ಲಗ ಮಾತಾಡು."

"ವಾಸೂಗ ಹೇಳೀರೇನು?"

ಇವರು ಶರ್ಟಿನ ಗುಂಡಿ ಬಿಚ್ಚಾಕ ಹತ್ತಿದ್ರು.

"ನಮ್ಮ ರೆಕ್ಕಿ ತೆರದ ಐತಿ. ಎರಡಕ್ಕೂ ಒಂದ ಡಬರಿ ಅಂಟು. ನಮ್ಮ ಸ್ಪಾರಿನದು ಒಂದು ತುಂಡು ಕೊಯ್ದು ಒಡದು ನೋಡ್ರಿ, ಅವನ ರೆಕ್ಕಿದೂ ತಿಳೀತೈತಿ."

"ಹುಚ್ಚಿ ಇದ್ದಿಯೇನು? ಕೊಯ್ದ್ರ ರೆಕ್ಕಿ ಹೋತು. ಏಳು ವರ್ಷದ ಕೆಲಸ. ಅಂಥಾ ಕಟಿಗಿ ಮತ್ತ ಎಲ್ಲಿಂದ ತರ್ಲಿ?" ಆಮ್ಯಾಲೆ ಒಂದು ಮಾತಂದ್ರು. ನಾನು ಸಾಯೋತನಾ ಮರಿಯಂಗಿಲ್ಲ. "ಹೆಂಗೂ ವಾಸು ಮೊದಲ ಹಾರ್ತಾನಲ್ಲ. ಅವನದು ತಡದ್ರ ನಮ್ಮದೂ ತಡೀತೈತಿ."

ನಮ್ಮ ರೆಕ್ಕಿ ಉಳೀಲಿ ಅಂತ ವಾಸೂನ್ನ ಆ ಮುರದು ನೋಡೋ ತುಂಡಿನ ಜಾಗಾದಾಗ ಇಟ್ಟಿದ್ರು ಈ ಮನಶ್ಯಾ! ದಮಯಂತಿ ಕೈಯಾಗಿನ ಊಟ ಎಷ್ಟು ಸಲ ಉಂಡಾರೋ ಲೆಕ್ಕಿಲ್ಲ. ಆ ಹುಡುಗಿಯ ಕುಂಕುಮ ಇವರ ಕಣ್ಣಿಗೆ ಕಾಣ್ಲಿಲ್ಲ. ಆ ಮಾರಿ ನೋಡಾಕೂ ನನಗ ಹೇಸಿಗಿ ಬಂತು.

ಮರುದಿನ ಸೀದಾ ಹೋಟೆಲ್ಲಿಗೆ ಹೋಗಿ ಗಲ್ಲಾದ ಮುಂದ ನಿಂತು ವಾಸೂಗ ಎಲ್ಲಾ ಹೇಳಿದೆ. ಅವ ನಕ್ಕ! "ಎಂತ ಅಕ್ಕ, ನಿಮಗೆ ಹೆದರಿಕೆ ಅಷ್ಟೆ. ಮುರುಗೆಪ್ಪಣ್ಣ ಮುರಿದಿದ್ದೇನೆ ಅಂತ ಹೇಳಿದ್ರೆ ಮುರಿದಿದ್ದಾರೆ. ಅವರು ಹಾಗೆ ಮಾಡುವ ಜನ ಅಲ್ಲ ಮಾರಾಯ್ರೆ. ಕೂತ್ಕೊಳ್ಳಿ, ಕಾಫಿ ಕುಡೀರಿ." ಬೈದಿದ್ರ ತಡಕೋತಿದ್ದೆ. ಅವ ನಂಬಿದ್ದು ನೋಡಿ ನನಗ ಗ್ವಾಡಿಗೆ ತಲಿ ಚಚ್ಚಿಗೋಬೇಕು ಅನಿಸ್ತು. ಬರೋ ರವಿವಾರ ನೇವಾಳಿಯ ಯುದ್ಧದ ಕಾಲದ ಹಳೆ ರನ್‌ವೇ ಮ್ಯಾಲಿಂದ ಹಾರೋದು ನಿಕ್ಕಿ ಆಗಿತ್ತು.

ಶುಕ್ರವಾರ ಮುಂಜಾನೆ ಇವರೂ ವಾಸೂನೂ ನೇವಾಳಿಗೆ ಜಾಗಾ ನೋಡಾಕ ಹೋಗಿದ್ರು. ನಾನು ಶೆಡ್ಡಿಗೆ ಹೋದೆ. ದಮಯಂತಿ ಇದ್ಲು. ಆಕಿಗೂ ಹೇಳಿದೆ. ಆಕಿ ನಗ್ಲಿಲ್ಲ. ನನ್ನ ಮಾರಿ ನೋಡಿದ್ಲು, ಎದ್ದು ಬಂದು ನಮ್ಮ ರೆಕ್ಕಿಯ ಆ ತುದಿ ಎರಡೂ ಕೈಲೆ ಒತ್ತಿ ಹಿಡದ್ಲು. "ಕೊಯ್ಯಿ ಅಕ್ಕ" ಅಂದ್ಲು.

ಕೊಯ್ದೆ. ಗರಗಸ ಹಿಡದು ರೂಢಿ ಇಲ್ಲ, ಅಂಗೈ ಹರೀತು, ಬಿಡಲಿಲ್ಲ. ಸ್ಪಾರ್ ನಟ್ಟನಡುವ ಎರಡಾಗಿ, ಇನ್ನೊಂದು ಸಲ ಕೊಯ್ದು ಗೇಣುದ್ದ ತುಂಡು ಕೈಗೆ ಬರೋ ಹೊತ್ತಿಗೆ ಇಬ್ಬರೂ ಬಾಗಿಲದಾಗ ನಿಂತಿದ್ರು. ನಮ್ಮನಿಯವರು ಚೀರಿದ್ದು ದಿವಾ ಸ್ಟೇಷನ್ ತನಕ ಕೇಳಿರಬೇಕು. "ಏ ಹಡಬಿಟ್ಟೀ! ಏನು ಮಾಡಿದಿ!" ಅಂತ ಕೈಯೆತ್ತಿ ಬಂದ್ರು. ನಾನು ಗರಗಸ ಮುಂದ ಹಿಡದೆ. "ಬರ್ರಿ ನೋಡೂಣು" ಅಂದೆ. ಅಲ್ಲೇ ನಿಂತ್ರು.

ತುಂಡು ಕಲ್ಲಿನ ಮ್ಯಾಲೆ ಇಟ್ಟೆ. ಉಳಿ ಬಾಯಿ ಅಂಟಿನ ಗೆರಿ ಮ್ಯಾಲೆ ಇಟ್ಟು, ಇದ್ದ ಸಿಟ್ಟೆಲ್ಲಾ ಕೂಡಿಸಿ ಸುತ್ತಿಗಿ ಬಿಟ್ಟೆ.

ಕಟಿಗಿ ಹರೀತು. ಅಂಟು ಬಿಡಲಿಲ್ಲ. ಇನ್ನೊಂದು ಕಡೆ ಹೊಡದೆ, ಅಲ್ಲೂ ಕಟಿಗೀನ ಸಿಬಿರೆದ್ದು ಹರೀತು. ಅಂಟು ಭೇಷಿತ್ತು.

ನಮ್ಮನಿಯವರು ಮೊಣಕಾಲೂರಿ ಕುಂತು ಆ ಚೂರು ಎತ್ತಿಗೊಂಡ್ರು. ಅಳು, ನಗು ಎರಡೂ ಕೂಡೇ ಬಂತು ಅವರಿಗೆ. "ನೋಡು ವಾಸು, ನೋಡು! ಗಟ್ಟಿ ಐತಿ! ನಾ ಹೇಳಿದ್ದಿಲ್ಲೇನು? ಈ ರಾಕ್ಷಸಿ ಸುಮ್ಮಸುಮ್ಮನ ಹಾಳು ಮಾಡಿದ್ಲು. ನಿಂದು ಗಟ್ಟಿ ಐತೋ, ಅಂಜಬ್ಯಾಡ, ಹಾರು!"

ವಾಸು ಆ ಚೂರಿನ ಕಡೆ ನೋಡಲೇ ಇಲ್ಲ. ಇವರನ್ನ ನೋಡಿದ. ಮೆಲ್ಲಗ ಕೇಳಿದ, "ಅಣ್ಣ, ಈಗ ನಿಮಗೆ ಗೊತ್ತಾಯ್ತಲ್ಲ. ನಿನ್ನೆ ಗೊತ್ತಿತ್ತಾ?"

ಇವರು ಕೈಯಾಗಿನ ಚೂರು ತಿರುವಿ ತಿರುವಿ ನೋಡಾಕ ಹತ್ತಿದ್ರು. ವಾಸು ಕಾದ. ಅವ ಮ್ಯಾಜಿನ ಮ್ಯಾಲಿದ್ದ ನಕ್ಷೆ ಸುತ್ತಿ ಕಂಕುಳಾಗ ಇಟಗೊಂಡು, ದಮಯಂತಿನ ಕರಕೊಂಡು ಹೊರಗ ಹೋದ.

ರವಿವಾರ ವಾಸು ಹಾರಿದ. ಇವರನ್ನ ಕರೀಲಿಲ್ಲ, ನನ್ನ ಕರದ, ನಾನು ಹೋದೆ. ಚಕ್ರ ನೆಲಾ ಬಿಟ್ಟಾಗ ದಮಯಂತಿ ಹಿಚುಕಿದ್ದಕ್ಕ ನನ್ನ ತೋಳು ವಾರಗಟ್ಟಲೆ ಕಂದಿತ್ತು. ಎರಡು ಸುತ್ತು ಹಾಕಿ ಇಳದ. ಆಕಿ ಅಲ್ಲೇ ಮಣ್ಣಾಗ ಕುಂತು ಅತ್ಲು.

ಮನಿಗೆ ಬಂದೆ. ಇವರು ಡ್ಯೂಟಿಗೆ ರಜಾ ಹಾಕಿ ಬಾಗಿಲದಾಗ ಕಾಯಕೋಂತ ನಿಂತಿದ್ರು. ಚಪ್ಪಲಿ ಸೈತ ಬಿಡಗೊಡಲಿಲ್ಲ, ಕೇಳಿದ್ರು, "ತಿರುಗೋ ಮುಂದ ರೆಕ್ಕಿ ನಡುಗಿತೇನು?"

ಮೊದಲ ಆ ಹುಡುಗ ಜೀವಂತ ಇಳದಾನೇನು ಅಂತ ಕೇಳ್ರಿ ಅಂದೆ.

ಕೇಳಲಿಲ್ಲ. ಮತ್ತ ರೆಕ್ಕಿದ ಕೇಳಿದ್ರು.