ಮಡಿಲ ಸೀಬೆ

ಅಕ್ಕ ಸುಮತಿ ಮಡಿಲಿಗೆ ಸುರಿದ ಸೀಬೆಹಣ್ಣುಗಳಲ್ಲಿ ಒಂದನ್ನೆತ್ತಿ ಗೌತಮಿ ಕಿಟಕಿಯ ಬೆಳಕಿಗೆ ಹಿಡಿದಳು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತು. ಅಲ್ಲಿಗೆ ಅವಳ ಸೀಮಂತ ಮುಗಿದ ಹಾಗೇ.

"ಅಕ್ಕಾ, ಎಲ್ಲಿಂದ ತಂದೆ ಇದನ್ನ?"

"ನಮ್ಮ ಎಲೆನ್‌ಬ್ರೂಕ್ ಮನೆ ಹಿತ್ತಲದ್ದೇ ಕಣೇ! ಮೊದಲ್ನೇ ಸಲ ಬಿಟ್ಟಿದೆ. ಏರ್‌ಪೋರ್ಟಲ್ಲಿ ಹಣ್ಣು ಬಿಸಾಕಿ ಅಂತ ಬೋರ್ಡಿತ್ತು. ಸೀರೆ ಮಡಿಕೆಲಿಟ್ಟು ತಂದ್ಬಿಟ್ಟೆ."

ಸುತ್ತ ಕೂತವರು ನಕ್ಕರು. ಗೌತಮಿಗೆ ನಗು ಬರಲಿಲ್ಲ. ಆಫ್ರಿಕಾದಿಂದ ಎಂದೋ ಬಂದ ಹಣ್ಣುನೊಣ ಅಕ್ಕನ ಊರಾದ ಪರ್ತ್‌ನಲ್ಲಿ ಮನೆಮಾಡಿಕೊಂಡು ಕೂತಿದೆ. ತಾನಿರುವ ಅಡಿಲೇಡಿನಲ್ಲಿ ಅದು ಬೇರೂರದಂತೆ ಕಾಯುವುದೇ ಅವಳ ಕೆಲಸ. ಗಂಡುನೊಣಗಳ ಸಂತಾನಶಕ್ತಿ ಕಳೆದು ಊರ ಮೇಲೆ ಬಿಡುತ್ತಾರೆ, ಹೆಣ್ಣು ಅವನ್ನು ಕೂಡಿದರೆ ಮರಿಯಾಗುವುದಿಲ್ಲ. ಇದನ್ನು ಕೇಳಿದ ದಿನ ಸುಮತಿ, "ಎಂಥಾ ಕೆಲ್ಸ ಹಿಡಿದ್ಯೇ!" ಎಂದು ಮುಖ ತಿರುಗಿಸಿದ್ದಳು. ಮಕ್ಕಳಿಲ್ಲದವಳ ಮುಂದೆ ಹೇಳಬಾರದಿತ್ತೆಂದು ಗೌತಮಿ ನಾಲಿಗೆ ಕಚ್ಚಿಕೊಂಡಿದ್ದಳು.

ಇವತ್ತು ಆ ಅಕ್ಕನೇ ಮೊದಲು ಮಡಿಲು ತುಂಬಬೇಕೆಂದು ಹಟ ಹಿಡಿದವಳೂ ಗೌತಮಿಯೇ. "ಮಕ್ಕಳೊಂದಿಗರು ಮೊದ್ಲು ತುಂಬ್ಲಮ್ಮ, ಆಮೇಲೆ ಅವ್ಳು," ಎಂದ ಅತ್ತೆ ಚಂಪಾ ಜೊತೆ ವಾರವಿಡೀ ಜಗಳವಾಗಿತ್ತು. ಕೊನೆಗೆ ಬ್ರಿಸ್ಬೇನಿನಲ್ಲಿ ಕೆಲಸಕ್ಕಿದ್ದ ಗಂಡ ವರುಣ್ ಫೋನಿನಲ್ಲೇ ತಾಯಿಯನ್ನು ಒಪ್ಪಿಸಿದ್ದ.

ಹಣ್ಣನ್ನು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಹೋಗಬಹುದಿತ್ತು. ಆದರೆ ಲ್ಯಾಬಿನಲ್ಲಿ ಗುರುತು ಕಂಡ ಕೂಡಲೇ ಕೊಯ್ದು ಕೊಯ್ದು ಪಳಗಿದ ಕೈ, ಹೊತ್ತುಗೊತ್ತು ನೋಡಲಿಲ್ಲ. ತಟ್ಟೆಯಲ್ಲಿದ್ದ ಚಾಕು ತೆಗೆದು ಎಲ್ಲರೆದುರೇ ಸೀಳಿದಳು. ತಿರುಳಿನಲ್ಲಿ ಬಿಳಿ ಹುಳಗಳು ಮಿಸುಕಾಡಿದವು.

"ನಾನು ಆಗ್ಲೇ ಬಡ್ಕೊಂಡೆ," ಎಂದರು ಚಂಪಾ.

ಗೌತಮಿಗೆ, ಅಕ್ಕನನ್ನು ತಾನೇ ಕರೆಸಿ ತಾನೇ ಬೀದಿಗೆ ನಿಲ್ಲಿಸಿದಂತಾಗಿತ್ತು.

"ಅಕ್ಕಾ, ಇದು ನೊಣ ಚುಚ್ಚಿ ಇಟ್ಟ ಮೊಟ್ಟೆಯ ಹುಳ. ನಿಂದೇನೂ ಇಲ್ಲ. ಎಲ್ಲಾನೂ ಕವರಿಗೆ ಹಾಕಿ ಫ್ರೀಜರಲ್ಲಿಟ್ಟು ಆಫೀಸಿಗೆ ಹೇಳ್ಬೇಕು..."

"ನನ್ನ ಕೈಯಿಂದ ಬಂದಿದ್ದು ತಾನೇ," ಎಂದಳು ಸುಮತಿ. "ಹಾಕು."

ಗೌತಮಿ ಎದ್ದಾಗ ಅಕ್ಕ ಮಡಿಲಿಗೆ ತುಂಬಿದ್ದ ಅಕ್ಕಿಯೆಲ್ಲ ಚೆಲ್ಲಿತು. ಹಣ್ಣುಗಳನ್ನು ಕವರಿಗೆ ತುಂಬಿ, ಗಂಟಿನ ಮೇಲೆ ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಬಂದಳು. ಚಂಪಾ ಅವಳನ್ನು ಮತ್ತೆ ಮಣೆಯ ಮೇಲೆ ಕೂರಿಸಿ, ಅಂಗಡಿಯ ಸೇಬುಗಳನ್ನು ತಾವೇ ಮೊದಲು ಮಡಿಲಿಗೆ ಹಾಕಿದರು. ಯಾರೋ ಫೋಟೋಕ್ಕೆ ನಗಲು ಹೇಳಿದರು.

ಮೂಲೆಯಲ್ಲಿ ಸುಮತಿ ಕಾರ್ಪೆಟ್ಟಿನ ಮೇಲೆ ಕೂತು, ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆಯ್ದು ತನ್ನ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.